ಕಿಟಕಿಯಿದ್ದ ಕೋಣೆ

"ಈ ನಾತ ನಿನ್ನ ಮೈಯಿಂದ ಬರ್ತಿದೆಯೋ, ಆ ಡಬ್ಬದಿಂದಲೋ?"

ತಾಕ್ ಮೇಡಂ ಎರಡು ಮೆಟ್ಟಿಲು ಮೇಲೆ ನಿಂತು, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಕೇಳಿದಳು. ಕೆಳಗೆ ಥರ್ಮಾಕೋಲ್ ಡಬ್ಬ ಅಪ್ಪಿಕೊಂಡು ನಿಂತಿದ್ದ ಮಾಲ್ಸುನ್ ಮೊದಲು ತನ್ನ ತೋಳನ್ನು ಮೂಸಿ ನೋಡಿಕೊಂಡಳು, ಆಮೇಲೆ ಡಬ್ಬವನ್ನು. ಆಕೆಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ಕಡಲ ದಂಡೆಯ ಶೆಡ್ಡಿನಲ್ಲಿ ನಿಂತು ಸಿಂಪಿ ಬಿಡಿಸಿದವಳಿಗೆ ಸಿಂಪಿಯ ವಾಸನೆ ಬೇರೆಯಾಗಿ ಎಲ್ಲಿಂದ ತಿಳಿಯಬೇಕು.

"ಡಬ್ಬದ್ದೇ ಇರ್ಬೇಕು ಅಮ್ಮಾವ್ರೇ. ನಿಮಗೇ ಅಂತ ತಂದಿವ್ನಿ. ಬೆಳಿಗ್ಗೆ ಕಡಲಿಂದ ಎತ್ತಿದ್ದು, ಇನ್ನೂ ಜೀವ ಅದೆ. ಚಾಕೂನೂ ತಂದಿವ್ನಿ. ಇಲ್ಲೇ ಕುಂತು ಬಿಡಿಸಿ ಕೊಟ್ಬಿಡ್ತೀನಿ."

"ನಂಗಾ? ಅದನ್ನ ಒಳಗೆ ತರಬೇಡ, ಬಾಗಿಲ ಹೊರಗಿಡು. ಮೆಟ್ಟಿಲ ಮೇಲೆ ನೀರು ತೊಟ್ಟಿಕ್ಕಿದ್ರೆ ನೀನೇ ಒರೆಸ್ಬೇಕು."

ಪಕ್ಕದಲ್ಲಿ ನಿಂತಿದ್ದ ಮಗಳು ಬೊರಾಮ್ ಡಬ್ಬವನ್ನು ಕಿತ್ತುಕೊಂಡು ಬಾಗಿಲಾಚೆ, ಯಾರದೋ ಹಳೆಯ ಸೈಕಲ್ಲಿನ ಪಕ್ಕ ಇಟ್ಟು ಬಂದಳು. ಅವಳ ಕಿವಿ ಕೆಂಪಾಗಿತ್ತು. ಸಿಯೋಲಿನಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ ಎಂದು ಅವಳು ಬಸ್ಸು ಹತ್ತುವ ಮೊದಲೇ ಬಡಿದುಕೊಂಡಿದ್ದಳು. ಆದರೆ ಇವರ ಕಡಲೂರಿನಲ್ಲಿ ಸೂರು ಕೊಡುವವರ ಮನೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ಚಿಪ್ಪು ಸಮೇತ ಸಿಂಪಿ ಒಯ್ದು, ಅವರ ಕಣ್ಣೆದುರೇ ಬಿಡಿಸಿ, ಮೊದಲನೆಯದನ್ನು ಅವರ ಕೈಗಿಡಬೇಕು. ಮಾಲ್ಸುನ್ ಮೂವರು ಮಾಲೀಕರಿಗೆಂದು ಮೂರು ಡಬ್ಬ ಹೊತ್ತು ತಂದಿದ್ದಳು. ಮೊದಲನೆಯವನು ಡಬ್ಬ ಇಸಿದುಕೊಂಡ ಮೇಲೆ ಕೋಣೆ ನಿನ್ನೆಯೇ ಹೋಯಿತೆಂದ. ಎರಡನೆಯವನು ಡಬ್ಬ ಇಸಿದುಕೊಂಡು ನೆಲಮಾಳಿಗೆ ತೋರಿಸಿದ. ಅಲ್ಲಿ ಶೌಚದ ಕುಣಿ ಹಾಸಿಗೆಯ ತಲೆದಿಂಬಿಗೆ ಅಂಟಿಕೊಂಡಿತ್ತು, ಮಧ್ಯೆ ಒಂದು ಪ್ಲಾಸ್ಟಿಕ್ ಪರದೆ. "ಹಗಲೆಲ್ಲ ಕ್ಲಾಸಲ್ಲಿರ್ತೀಯ, ಪರದೆ ಯಾರು ನೋಡ್ತಾರೆ?" ಎಂದು ಅವನು ನಕ್ಕಿದ್ದ.

ತಾಕ್ ಮೇಡಂ ಮೂರನೆಯವಳು. ಇನ್ನು ನಾಲ್ಕನೆಯವರಿಲ್ಲ. ಸೋಮವಾರ ವಿಶ್ವವಿದ್ಯಾಲಯ ಶುರು. ಸಂಜೆ ಐದರ ಬಸ್ಸಿಗೆ ಮಾಲ್ಸುನ್ ವಾಪಸ್ ಹೊರಡಲೇಬೇಕು, ಬೆಳಗಿನ ಪಾಳಿಗೆ ಹೋಗದಿದ್ದರೆ ಶೆಡ್ಡಿನಲ್ಲಿ ಅವಳ ಜಾಗದಲ್ಲಿ ಇನ್ನೊಬ್ಬಳು ನಿಂತಿರುತ್ತಾಳೆ. ಅಷ್ಟರೊಳಗೆ ಈ ಹುಡುಗಿಗೊಂದು ಬಾಗಿಲು, ಒಂದು ಚಿಲಕ ಆಗಬೇಕಿತ್ತು.

ಹಾಸ್ಟೆಲ್ ಸಿಗುತ್ತದೆಂದು ನಂಬಿದ್ದರು. ಚೀಟಿ ಎತ್ತಿದಾಗ ಬೊರಾಮಳ ಹೆಸರು ಬರಲಿಲ್ಲ. ಇನ್ನೊಂದು ಹಾಸ್ಟೆಲ್ ಕಟ್ಟುತ್ತೇವೆಂದು ವಿಶ್ವವಿದ್ಯಾಲಯದವರು ಹಿಂದಿನ ಗುಡ್ಡದಲ್ಲಿ ಪಾಯ ತೋಡಿದ್ದರು. ಪಾಯ ಎರಡು ವರ್ಷದಿಂದ ಪಾಯವಾಗಿಯೇ ಇದೆ, ಮಳೆಗಾಲದಲ್ಲಿ ಬಾತುಕೋಳಿ ಬರುತ್ತವಂತೆ. ಇಲ್ಲಿನ ಬಾಡಿಗೆ ಕಟ್ಟಡಗಳ ಮಾಲೀಕರೆಲ್ಲ ಸೇರಿ ಕೆಲಸ ನಿಲ್ಲಿಸಿದ್ದರು. ಬೀದಿಯುದ್ದಕ್ಕೂ ಅವರ ಬ್ಯಾನರುಗಳು ತೂಗುತ್ತಿದ್ದವು: 'ನಮ್ಮ ಹೊಟ್ಟೆಗೆ ಹೊಡೆಯಬೇಡಿ', 'ನಾವೂ ಬದುಕಬೇಕು'. ಇಬ್ಬರು ಮೂವರು ಸೇರಿದರೂ ಒಂದು ಕೋಣೆ ಸಿಗದ ಮಕ್ಕಳು ಆ ಬ್ಯಾನರುಗಳ ಕೆಳಗೆ ಸೂಟ್‌ಕೇಸು ಎಳೆದುಕೊಂಡು ಓಡಾಡುತ್ತಿದ್ದರು. ಮೂರು ಮೂರು ಕಟ್ಟಡ ಇದ್ದವರು ಬದುಕಬೇಕೆಂದು ಅಳುತ್ತಿದ್ದರು.

ಮೆಟ್ಟಿಲ ತಿರುವಿನಲ್ಲಿ ಒಂದು ಫೋಟೋ ಇತ್ತು. ದಪ್ಪ ಗಂಡಸೊಬ್ಬ ತಲೆ ಬೋಳಿಸಿಕೊಂಡು, ಕಣ್ಣು ಮುಚ್ಚಿ ರಸ್ತೆಯಲ್ಲಿ ಚಕ್ಕಳಮಕ್ಕಳ ಕುಳಿತಿದ್ದ. ಮಾಲ್ಸುನ್ ನಿಂತು ನೋಡಿದಳು. ಪಾಪ, ಏನೋ ದೊಡ್ಡ ಕಾಯಿಲೆ ಎಂದುಕೊಂಡಳು.

"ನಮ್ಮ ಯಜಮಾನ್ರು," ಎಂದಳು ತಾಕ್ ಮೇಡಂ, ಹೆಮ್ಮೆಯಿಂದ. "ಹಾಸ್ಟೆಲ್ ವಿರುದ್ಧ ಪ್ರತಿಭಟನೆ ಅಂತ ವಾರ್ಡ್ ಕಚೇರಿ ಮುಂದೆ ತಲೆ ಬೋಳಿಸಿಕೊಂಡ್ರು. ಪೇಪರಲ್ಲೂ ಬಂತು."

"ಈಗ ಕೂದ್ಲು ಬಂದವಾ?" ಎಂದು ಮಾಲ್ಸುನ್ ನಿಜವಾಗಿಯೂ ಕಾಳಜಿಯಿಂದ ಕೇಳಿದಳು. ಬೊರಾಮ್ ಮುಖ ತಿರುಗಿಸಿಕೊಂಡು ಗೋಡೆ ನೋಡಿದಳು.

ಕೋಣೆ ಎರಡನೇ ಮಹಡಿಯಲ್ಲಿತ್ತು. ಬಾಗಿಲ ಮೇಲೆ ಇನ್ನೂರಮೂರು ಎಂದು ಬರೆದು, ಪಕ್ಕದಲ್ಲಿ ಪುಟ್ಟದಾಗಿ 'ಒಂದು' ಎಂದು ಅಂಟಿಸಿದ್ದರು. ಒಳಗೆ ಹಾಸಿಗೆ, ಹಾಸಿಗೆಯ ಕಾಲ್ದೆಸೆಯ ಮೇಲೆ ಚಾಚಿದ ಮೇಜು, ಮೇಜಿನ ಕೆಳಗೆ ಕೈಚೀಲದಷ್ಟು ಫ್ರಿಜ್. ಮೂವರು ಒಳಗೆ ನಿಂತರೆ ನಾಲ್ಕನೆಯ ಉಸಿರಿಗೆ ಜಾಗವಿಲ್ಲ. ಆದರೆ ಕಿಟಕಿ ಇತ್ತು, ಕಿಟಕಿಯಲ್ಲಿ ಫೆಬ್ರವರಿಯ ಬಿಸಿಲಿತ್ತು. ಬೊರಾಮಳ ಮುಖ ಆ ದಿನ ಮೊದಲ ಬಾರಿಗೆ ಸಡಿಲಾಯಿತು. ಅದನ್ನು ನೋಡಿ ಮಾಲ್ಸುನ್‌ಳ ಎದೆ ತಣ್ಣಗಾಯಿತು.

"ಇದು ಕಿಟಕಿ ಇರೋ ಕೋಣೆ. ಕಿಟಕಿ ಇಲ್ದಿರೋದಕ್ಕಿಂತ ಬಾಡಿಗೆ ಜಾಸ್ತಿ, ಅದು ದಲ್ಲಾಳಿ ಹೇಳಿರ್ಬೇಕು," ಎಂದಳು ತಾಕ್ ಮೇಡಂ. "ಅನ್ನ ಬಿಟ್ಟು ಬೇರೇನೂ ಬೇಯಿಸೋ ಹಾಗಿಲ್ಲ. ಊರಿಂದ ಮೀನುಗೀನು ತರೋ ಹಾಗಿಲ್ಲ. ವಾರ್ಡ್ ಕಚೇರಿಗೆ ಹೋಗಿ ಇಲ್ಲಿನ ವಿಳಾಸ ಬರೆಸೋ ಹಾಗಂತೂ ಇಲ್ವೇ ಇಲ್ಲ. ಕಚೇರಿಯೋರು ಯಾರಾದ್ರೂ ಬಂದು ಕೇಳಿದ್ರೆ ನೀನು ನನ್ನ ತಂಗಿ ಮಗಳು. ಏನು ಹೇಳ್ತೀಯ?"

"ತಂಗಿ ಮಗಳು," ಎಂದಳು ಬೊರಾಮ್.

"ದೊಡ್ಡಮ್ಮ ಅನ್ನು."

"...ದೊಡ್ಡಮ್ಮ."

"ಆಮೇಲೆ ದಿನಾ ಹಾಗೆ ಕರೀಬೇಡ ಮತ್ತೆ. ಅವ್ರು ಬಂದಾಗ ಮಾತ್ರ."

ಮಾಲ್ಸುನ್‌ಳ ಕೈ ತಾನಾಗಿಯೇ ಎಡಗಡೆಯ ಗೋಡೆಗೆ ಹೋಗಿತ್ತು. ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದಳು. ಅದು ಅವಳ ಕಸುಬಿನ ಚಟ. ಸಿಂಪಿಗೆ ಸಿಂಪಿ ತಾಗಿಸಿದರೆ ಜೀವವಿದ್ದದ್ದು ಕಲ್ಲಿನಂತೆ ನುಡಿಯುತ್ತದೆ, ಸತ್ತದ್ದು ಪೊಳ್ಳು. ಗೋಡೆ ಪೊಳ್ಳು ನುಡಿಯಿತು.

"ಇದು ಹಲಗೆ ಅಲ್ವಾ ಅಮ್ಮಾವ್ರೇ?"

"ಏನ್ ಹಲಗೆ? ಕಾಂಕ್ರೀಟು. ಹೊಸ ವಾಲ್‌ಪೇಪರು. ಚಿಪ್ಪು ಕೆರೆಯೋ ನಿಂಗೆ ಕಟ್ಟಡದ ವಿಷಯ ಏನ್ ಗೊತ್ತು? ಕೈ ತೆಗಿ, ಗಲೀಜಾಗತ್ತೆ."

ಮಾಲ್ಸುನ್ ಕೈ ತೆಗೆದು ಕೋಟಿನ ಜೇಬಿಗೆ ತುರುಕಿದಳು. ಹಲಗೆಯಾದರೇನು, ಚಿಲಕ ಇದೆ, ಬಿಸಿಲಿದೆ ಎಂದುಕೊಂಡಳು. ಬೆಳಗಿನಿಂದ ಅವಳು ಇಂಥದ್ದನ್ನೆಲ್ಲ ಗುಟುಕರಿಸುತ್ತಲೇ ಬಂದಿದ್ದಳು. ಇನ್ನೆರಡು ಗಂಟೆ ನುಂಗಿದರೆ ಮುಗಿಯಿತು. "ಆಗ್ಲಿ ಅಮ್ಮಾವ್ರೇ, ಇದೇ ಕೊಡಿ," ಎಂದಳು.

ತಾಕ್ ಮೇಡಂ ಫೈಲು ತೆರೆದಳು. ಬಾಡಿಗೆ ಕರಾರಿಗಿಂತ ಮೊದಲು ಇನ್ನೊಂದು ಹಾಳೆ ಮೇಜಿನ ಮೇಲೆ ಬಂತು. ಪಕ್ಕದಲ್ಲಿ ಕೆಂಪು ಮಸಿಯ ಪುಟ್ಟ ಡಬ್ಬಿ.

"ಮೊದ್ಲು ಇದಕ್ಕೆ ಮುದ್ರೆ. ತಾಯಿದೊಂದು, ಮಗಳದೊಂದು."

"ಹೆಸ್ರಿನ ಮುದ್ರೆ ಊರಲ್ಲೇ ಬಿಟ್ಟು ಬಂದಿವ್ನಿ."

"ಹೆಬ್ಬೆಟ್ಟೊತ್ತು. ನಿನ್ನಂಥೋರಿಗೆ ಅದೇ ಸರಿ."

"ಅವ್ವ, ಏನದೆ ಓದು ಮೊದ್ಲು," ಎಂದಳು ಬೊರಾಮ್.

"ಓದ್ಕಂಡು ಕುಂತ್ರೆ ಬಸ್ ನಿಲ್ತದಾ?" ಮಾಲ್ಸುನ್ ಹೆಬ್ಬೆರಳನ್ನು ಮಸಿಗೆ ಅದ್ದಿ ಹಾಳೆಗೆ ಒತ್ತಿಬಿಟ್ಟಳು. ಹಾಳೆಯ ಮೇಲೆ ಒಂದು ಕೆಂಪು ಬೊಟ್ಟು ಬಿತ್ತು. ನುಣ್ಣನೆಯದು, ಒಂದೂ ಗೆರೆಯಿಲ್ಲದ್ದು.

ತಾಕ್ ಮೇಡಂ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆಮೇಲೆ ನಗಲು ಶುರು ಮಾಡಿದಳು. ಕರವಸ್ತ್ರ ಮರೆತು, ಹೊಟ್ಟೆ ಕುಲುಕಿಸಿಕೊಂಡು ನಕ್ಕಳು.

"ಏನಮ್ಮಾ ಇದು, ಗೆರೆನೇ ಇಲ್ಲ? ದೇವ್ರು ನಿನ್ನನ್ನ ಮಾಡೋವಾಗ ಅರ್ಧಕ್ಕೇ ಎದ್ದು ಹೋದನಾ? ಹಂದಿ ಕಾಲು ಒತ್ತಿದ್ರೂ ಎರಡು ಗುರುತು ಬೀಳತ್ತೆ. ಇದು ನಡೆಯಲ್ಲ. ಏ ಹುಡುಗಿ, ನೀನು ಒತ್ತು. ನಿನಗಾದ್ರೂ ಗೆರೆ ಇದೆಯೋ, ನೀನೂ ಕೆರೆದವಳೇನಾ?"

ಚಿಪ್ಪಿನ ಅಂಚು ಒಂದೊಂದೇ ಗೆರೆಯನ್ನು ತಿಂದುಹಾಕಿದ್ದನ್ನು ಮಾಲ್ಸುನ್ ಯಾವತ್ತೂ ದೊಡ್ಡದು ಮಾಡಿದವಳಲ್ಲ. ಶೆಡ್ಡಿನ ಹೆಂಗಸರೆಲ್ಲರ ಬೆರಳೂ ಅಷ್ಟೇ. ಆದರೆ ಮಗಳು ಹುಟ್ಟಿದ ದಿನವೇ ಒಂದು ಆಣೆ ಇಟ್ಟುಕೊಂಡಿದ್ದಳು: ಇವಳು ಆ ಚಾಕು ಮುಟ್ಟಬಾರದು. ಹತ್ತೊಂಬತ್ತು ವರ್ಷ ಮುಟ್ಟಗೊಟ್ಟಿರಲಿಲ್ಲ. ರಜೆಯಲ್ಲಿ ಹುಡುಗಿ ಶೆಡ್ಡಿಗೆ ಬಂದರೆ ಬೈದು ಓಡಿಸುತ್ತಿದ್ದಳು. ಈಗ ಈ ಹೆಂಗಸು ಕೇಳಿದ ಮಾತಿಗೆ ಅವಳಿಗೆ ಮೈಯೆಲ್ಲ ಉರಿಯಿತು.

ಬೊರಾಮ್ ಹಾಳೆಯನ್ನು ಎಳೆದುಕೊಂಡು ಗಟ್ಟಿಯಾಗಿ ಓದಿದಳು.

"'ಈ ಕೆಳಗೆ ಮುದ್ರೆ ಒತ್ತಿದ ವಿದ್ಯಾರ್ಥಿಗಳೂ ಪೋಷಕರೂ ಆದ ನಾವು, ಈಗಿರುವ ಬಾಡಿಗೆ ಕೋಣೆಗಳಲ್ಲಿ ಸುಖವಾಗಿದ್ದೇವೆ. ಗುಡ್ಡದ ಮೇಲಿನ ಹೊಸ ಹಾಸ್ಟೆಲ್ ನಮಗೆ ಬೇಕಾಗಿಲ್ಲ.'"

ಅವಳು ತಲೆಯೆತ್ತಿದಳು. "ನಾನಿನ್ನೂ ಒಂದು ದಿನಾನೂ ಮಲಗಿಲ್ಲ ಇಲ್ಲಿ. ಸುಖವಾಗಿದ್ದೀನಿ ಅಂತ ಹೆಂಗೆ ಹೇಳ್ಲಿ?"

"ಮಲಗ್ತೀಯಲ್ಲ. ಕೋಣೆ ಬೇಕಾದ್ರೆ ಒತ್ತು, ಬೇಡದಿದ್ರೆ ನಿಮ್ಮವ್ವನ ಡಬ್ಬದೊಳಗೆ ಹೋಗಿ ಮಲಗು. ನಂಗೆ ಮೂರು ಗಂಟೆಗೆ ಚರ್ಚಲ್ಲಿ ಪ್ರಾರ್ಥನೆ ಇದೆ. ಬಡ ವಿದ್ಯಾರ್ಥಿಗಳಿಗೋಸ್ಕರ ಇವತ್ತು ನಂದೇ ಪ್ರಾರ್ಥನೆ."

"ಒತ್ಬಿಡು ಮಗಾ," ಎಂದಳು ಮಾಲ್ಸುನ್. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ. "ಒಂದು ಬೊಟ್ಟು ತಾನೆ."

ಬೊರಾಮ್ ಮಸಿ ಡಬ್ಬಿಯ ಕಡೆ ನೋಡಿದಳು.

"ಒತ್ತಬೇಡ," ಎಂದಿತು ಕಾಂಕ್ರೀಟು ಗೋಡೆ.

ಗೋಡೆ ಒಂದು ಸಲ ಕೆಮ್ಮಿತು, ಮೂಗು ಸೀಟಿಕೊಂಡಿತು. ಹುಡುಗಿಯ ದನಿ. "ನಾನೂ ಒತ್ತಿದ್ದೆ. ಎರಡು ವರ್ಷ ಆಯ್ತು. ಇನ್ನೂ ಇಲ್ಲೇ ಇದೀನಿ."

"ಪಕ್ಕದ ಬಿಲ್ಡಿಂಗ್ ಟಿವಿ," ಎಂದಳು ತಾಕ್ ಮೇಡಂ.

"ನಾನು ಟಿವಿ ಅಲ್ಲ ದೊಡ್ಡಮ್ಮಾ," ಎಂದಿತು ಗೋಡೆ.

ಬೊರಾಮಳಿಗೆ ನಗು ಬಂತೋ ಅಳು ಬಂತೋ, ಮುಖ ಒಂಥರಾ ಆಯಿತು. ಅವಳು ಬಗ್ಗಿ ಅವ್ವನ ಚೀಲಕ್ಕೆ ಕೈ ಹಾಕಿದಳು. ಟವೆಲ್ಲಿನಲ್ಲಿ ಸುತ್ತಿಟ್ಟಿದ್ದನ್ನು ಬಿಚ್ಚಿದಳು. ಮರದ ಹಿಡಿಯ, ಗಿಡ್ಡ ಅಲಗಿನ ಸಿಂಪಿ ಚಾಕು. ಹಿಡಿಯ ಮೇಲೆ ಮಾಲ್ಸುನ್‌ಳ ಹೆಬ್ಬೆರಳು ಕೂತು ಕೂತು ಬಿದ್ದ ಗುಳಿಯಿತ್ತು. ಮಗಳ ಹೆಬ್ಬೆರಳು ಆ ಗುಳಿಯಲ್ಲಿ ಕುಳಿತಿತು.

"ಏ, ಏ, ಏನ್ ಮಾಡ್ತೀಯ?" ತಾಕ್ ಮೇಡಂ ಬಾಗಿಲಿಗೆ ಅಂಟಿಕೊಂಡಳು. "ಪೊಲೀಸರನ್ನ ಕರೀತೀನಿ."

"ಕರೀರಿ. ಅವ್ರಿಗೂ ಇದು ಕಾಂಕ್ರೀಟು ಅಂತ ತೋರ್ಸಾಣ," ಎಂದು ಬೊರಾಮ್ ಗೋಡೆಗೆ ಚಾಕು ತಿವಿದಳು. ಕಾಗದ ಹರಿಯಿತು, ಬಿಳಿ ಪುಡಿ ಉದುರಿತು, ಅಲಗು ಸಿಕ್ಕಿಕೊಂಡಿತು. ಮತ್ತೆ ತಿವಿದಳು. ಬರೀ ತೂತು.

ಮಾಲ್ಸುನ್ ಮುಂದೆ ಬಂದು ಮಗಳ ಮಣಿಕಟ್ಟು ಹಿಡಿದುಕೊಂಡಳು.

"ಹಾಗೆ ಬುದ್ಧಿ ಹೇಳು," ಎಂದಳು ತಾಕ್ ಮೇಡಂ. "ನೀನಾದ್ರೂ ನಿನ್ನ ಯೋಗ್ಯತೆ ತಿಳಿದೋಳು."

ಮಾಲ್ಸುನ್‌ಳ ಬೆರಳಿಗೆ ಆ ಮಣಿಕಟ್ಟಿನ ನಾಡಿ ಬಡಿಯುವುದು ತಾಗಿತು. ಕಿಟಕಿ ಹೋಯಿತು, ಚಿಲಕ ಹೋಯಿತು, ಐದರ ಬಸ್ಸೂ ಹೋಯಿತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಆ ಕೈಯನ್ನು ಕೆಳಗಿಳಿಸಲಿಲ್ಲ.

"ಹಂಗಲ್ಲ ಮಗಾ," ಎಂದಳು. "ತಿವಿಬ್ಯಾಡ. ತಿವಿದ್ರೆ ಯಾವ್ದೂ ಬಾಯಿ ಬಿಡಾಕಿಲ್ಲ. ಸಂದಿ ಹುಡುಕು."

ಅವಳ ಗೆರೆಯಿಲ್ಲದ ಬೆರಳು ವಾಲ್‌ಪೇಪರಿನ ಮೇಲೆ ಮೆಲ್ಲಗೆ ಹರಿದು, ಎರಡು ಹಲಗೆ ಕೂಡುವ ಕಡೆ ನಿಂತಿತು. ಅಲ್ಲೊಂದು ಕೆಂಪು ಬೊಟ್ಟು ಬಿತ್ತು.

"ಇಲ್ಲಿ. ಮೊನೆ ಇಡು. ಈಗ ಮಣಿಕಟ್ಟು ತಿರುಗ್ಸು. ಜೋರು ಬ್ಯಾಡ, ತಿರುಗ್ಸು ಅಷ್ಟೇ."

ಬೊರಾಮ್ ತಿರುಗಿಸಿದಳು. ಹಲಗೆ ಕಿರ್ರೆಂದಿತು, ಮೊಳೆ ಸಡಿಲಾಯಿತು, ಒಂದು ಮೂಲೆ ಮುರಿದು ಹಾಸಿಗೆಯ ಮೇಲೆ ಬಿತ್ತು. ಈ ಕಡೆಯ ಬಿಸಿಲು ಆ ಕಡೆಗೆ ಒಂದು ಗೇಣು ಅಗಲ ಹೊಕ್ಕಿತು. ಅದೇ ಕೋಣೆಯ ಕಿಟಕಿಯಿಲ್ಲದ ಇನ್ನರ್ಧ ಅದು, ಗೋಡೆಗಳೆಲ್ಲ ಬೂಸ್ಟು ಹಿಡಿದು ಕಪ್ಪಾಗಿದ್ದವು. ಒಣಗದ ಬಟ್ಟೆಗಳ ಕೆಳಗೆ ಒಬ್ಬ ಹುಡುಗಿ, ತೊಡೆಯ ಮೇಲೆ ಅನ್ನದ ಬಟ್ಟಲಿಟ್ಟುಕೊಂಡು ಹಾಸಿಗೆಯಲ್ಲಿ ಕುಳಿತಿದ್ದಳು. ಬೆಳಕು ತಾಳಲಾರದೆ ಕಣ್ಣಿಗೆ ಕೈ ಅಡ್ಡ ಹಿಡಿದಳು. ಅವಳ ಕೈ ಬೇಯಿಸಿದ ಮೂಲಂಗಿಯಂತೆ ಬೆಳ್ಳಗಿತ್ತು.

ಕೆಳಗಡೆ ತಾಕ್ ಮೇಡಂ ಮೆಟ್ಟಿಲಿಳಿಯುತ್ತ ಫೋನಿನಲ್ಲಿ ಗಂಡನನ್ನು ಕೂಗುತ್ತಿದ್ದಳು. "ಬೇವರ್ಸಿ ಮುಂಡೇವು, ಗೋಡೆ ಕಿತ್ತಾಕ್ತಿದಾರೆ ರೀ." ಥರ್ಮಾಕೋಲ್ ಡಬ್ಬಕ್ಕೆ ಕಾಲು ತಾಗಿತೇನೋ, ಚಿಪ್ಪುಗಳು ಗಲಗಲನೆ ಚೆಲ್ಲಾಡಿದ ಸದ್ದು ಬಂತು.

ಆ ಹುಡುಗಿ ಮೆಲ್ಲಗೆ ಕೈ ಇಳಿಸಿದಳು. ಮೊದಲು ಬಿಸಿಲನ್ನು ನೋಡಿದಳು, ಆಮೇಲೆ ಬೊರಾಮಳನ್ನು.

"ಇನ್ನೊಂಚೂರು ದೊಡ್ಡದು ಮಾಡ್ತೀರಾ?" ಎಂದಳು.

ಬೊರಾಮ್ ಅವ್ವನ ಕಡೆ ತಿರುಗಿದಳು. ಮಾಲ್ಸುನ್ ಕೋಟು ಬಿಚ್ಚಿ ಹಾಸಿಗೆಯ ಮೇಲೆಸೆದು, ಮುರಿದ ಹಲಗೆಯ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.

"ಮುಂದಿನ ಸಂದಿಗೆ ಹಾಕು," ಎಂದಳು. "ನಾನ್ ಹಿಡ್ಕಂಡಿವ್ನಿ."