ರೆಪ್ಪೆಯ ಸೂಜಿಗಳು

ಜ್ಯೋತಿಲಕ್ಷ್ಮಿಗೆ ಕೃಷ್ಣಮೃಗದ ಕೆಲಸ ಸಿಕ್ಕಿದ ದಿನ ನನಗೆ ಊಟ ಸೇರಲಿಲ್ಲ. ಹೊಟ್ಟೆಕಿಚ್ಚು, ಬೇರೇನೂ ಅಲ್ಲ. ಅರವತ್ತೈದು ದಾಟಿದ ಗಂಡಸು ಮಗಳ ವಯಸ್ಸಿನವಳ ಮೇಲೆ ಹೊಟ್ಟೆ ಉರಿದುಕೊಳ್ಳುವುದು ಮರ್ಯಾದೆಯಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಉರಿದುಕೊಂಡೆ.

ಮೂವತ್ತೊಂದು ವರ್ಷ ನಾನು ದೂರದ ಒಂದು ಮ್ಯೂಸಿಯಂನಲ್ಲಿ ಸತ್ತ ಪ್ರಾಣಿಗಳ ಚರ್ಮ ಹದಮಾಡಿ, ಜೀವ ಇದ್ದಂತೆ ನಿಲ್ಲಿಸುವ ಕೆಲಸ ಮಾಡಿದವನು. ಹುಲಿ, ಕಡವೆ, ಕರಡಿ, ಎಲ್ಲಕ್ಕೂ ಬೋರ್ಡಿತ್ತು. ಪ್ರಾಣಿಯ ಹೆಸರು, ಅದು ಸಿಕ್ಕ ಕಾಡಿನ ಹೆಸರು, ದಾನ ಕೊಟ್ಟ ದೊಡ್ಡವರ ಹೆಸರು. ಓಂಕಾರಮೂರ್ತಿ ಅನ್ನುವ ಹೆಸರು ಒಂದರಲ್ಲೂ ಇರಲಿಲ್ಲ. ಮನೆಯಲ್ಲಿ ಹೆಂಡತಿ ಅನ್ನಪೂರ್ಣಮ್ಮ ಸ್ನಾನ ಮಾಡದೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಅದೇ ನನಗೆ ಸಿಕ್ಕ ಗೌರವ. ನಿವೃತ್ತನಾಗಿ ಚಳ್ಳಕೆರೆಗೆ ಬಂದ ಮೇಲೆ ಈ ವಿದ್ಯೆ ಕಲಿಸಿ ಎಂದು ಬಂದವಳು ಈ ಜ್ಯೋತಿಲಕ್ಷ್ಮಿ ಒಬ್ಬಳೇ, ಕಂಬಳಿ ನೇಯುವ ಸೂರಪ್ಪನ ಮಗಳು. ಕುರಿ ಚರ್ಮದ ಮೇಲೆ ಎರಡು ವರ್ಷ ಕಲಿಸಿದೆ. ಕಲಿಸುವಾಗೆಲ್ಲ ಆ ಬೋರ್ಡಿನ ಸಂಕಟವನ್ನೂ ಹೇಳಿಕೊಂಡಿದ್ದೆ.

ಕುದಾಪುರದ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಒಂದು ಗಂಡು ಕೃಷ್ಣಮೃಗ ಸತ್ತಿತು. ಅದನ್ನು ಹೊಸ ಮಾಹಿತಿ ಕೇಂದ್ರದಲ್ಲಿ ನಿಲ್ಲಿಸಬೇಕೆಂದು ಅರಣ್ಯ ಇಲಾಖೆಯವರು ತೀರ್ಮಾನಿಸಿದರು. ಸಾಹೇಬರು ನಮ್ಮ ಮನೆಗೇ ಬಂದು, ಕಾಫಿ ಕುಡಿದು, "ನಿಮಗೂ ವಯಸ್ಸಾಯ್ತು. ಕೆಲಸ ಆ ಹುಡುಗಿ ಮಾಡ್ಲಿ, ನೀವು ಸಲಹೆ ಕೊಟ್ರೆ ಸಾಕು" ಎಂದರು. ಸಲಹೆಯಂತೆ ಸಲಹೆ!

ತಪ್ಪು ಹುಡುಕಲೆಂದೇ ಅವಳ ಶೆಡ್ಡಿಗೆ ಹೋಗುತ್ತಿದ್ದೆ. ಸಿಗಲಿಲ್ಲ. ಚರ್ಮ ಬಿಡಿಸುವ ಮೊದಲೇ ಕಣ್ಣಿನ ಮೂಲೆಯಿಂದ ಮೂಗಿನ ತುದಿಗೆ, ಕತ್ತಿಗೆ ಮೂರು ಕಡೆ ಅಳತೆ ತೆಗೆದಿದ್ದಳು. ಉಪ್ಪು, ಪಟಿಕ ಹಾಕಿ ಚರ್ಮ ಹದಮಾಡಿದ್ದಳು. ಆ ಅಳತೆಗೆ ಥರ್ಮಾಕೋಲಿನಲ್ಲಿ ಕೆತ್ತಿದ ಮೈ ನೋಡಿದರೆ, ಚರ್ಮ ಹೊದಿಸುವ ಮೊದಲೇ ಅದು ಓಡುವುದಕ್ಕೆ ಸಿದ್ಧವಾದಂತಿತ್ತು. ಕಿವಿಯೊಳಗಿನ ಮೂಳೆಯಂಥದ್ದನ್ನು ತೆಗೆದು ತೆಳ್ಳನೆಯ ತಗಡು ಕೂರಿಸಿದ್ದಳು. ಹೊಲಿಗೆಗೆ ಮೊಳಕಾಲ್ಮೂರಿನ ಮಗ್ಗದ ರೇಷ್ಮೆ ನೂಲಿಗೆ ಮೇಣ ಸವರಿದ್ದಳು. ಗೆರೆಯೇ ಕಾಣುತ್ತಿರಲಿಲ್ಲ.

"ಚರ್ಮ ಹೊದಿಸೋಕೆ ಇದೇನಮ್ಮ ಅಂಟು?"

"ಹುಣಸೆ ಬೀಜದ ಗಂಜಿ ಸರ್. ಕಂಬಳಿಗೆ ಅಪ್ಪ ಇದನ್ನೇ ಹಾಕೋದು. ಹುಳ ಬರಬಾರ್ದು ಅಂತ ಮೈಲುತುತ್ತ ಸೇರಿಸೀನಿ. ತಪ್ಪಾಯ್ತೇನ್ರಿ?"

ತಪ್ಪಾಗಿರಲಿಲ್ಲ. ಕಂಬಳಿಯ ಊರಲ್ಲೇ ಹುಟ್ಟಿದ ನನಗೆ ಮೂವತ್ತೊಂದು ವರ್ಷ ಇದು ಹೊಳೆಯಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. "ನೋಡೋಣ" ಎಂದಷ್ಟೇ ಹೇಳಿದೆ.

ಗಾಜಿನ ಕಣ್ಣು ಕೂರಿಸಿ, ಸುತ್ತ ಜೇಡಿಮಣ್ಣು ತುಂಬಿ, ಅದರ ಮೇಲೆ ರೆಪ್ಪೆ ಎಳೆದು, ಒಂದೊಂದು ರೆಪ್ಪೆಗೂ ಹತ್ತಾರು ಗುಂಡುಸೂಜಿ ಚುಚ್ಚಿದ್ದಳು. ಚರ್ಮ ಪೂರ್ತಿ ಒಣಗುವ ತನಕ ಆ ಸೂಜಿಗಳು ರೆಪ್ಪೆಯನ್ನು ಹಿಡಿದಿರಬೇಕು. ಬೇಗ ತೆಗೆದರೆ ರೆಪ್ಪೆ ಕುಗ್ಗಿ ಹಿಂದೆ ಸರಿಯುತ್ತದೆ. ಆಮೇಲೆ ತಿದ್ದಲು ಹೋದರೆ ಹರಿಯುತ್ತದೆ.

ಸೂಜಿ ಚುಚ್ಚಿದ ಹದಿನೈದನೇ ದಿನ ಅವಳು ಕೇಳಿದಳು. "ಸರ್, ಭಾನುವಾರ ಉದ್ಘಾಟನೆ ಐತೆ. ನಾಳೆ ಗಾಡಿ ಬರ್ತೈತೆ. ಈ ಗಂಜಿ ಹಾಕಿದ ಚರ್ಮ ಒಣಗೋಕೆ ಎಷ್ಟು ದಿನ ಬೇಕೋ ನನಗೊತ್ತಿಲ್ಲ. ಇನ್ನೊಂದು ವಾರ ಸೂಜಿ ಇರ್ಲಿ ಅಂದ್ರೆ ಸಾಹೇಬರಿಗೆ ಹೇಳಿ ಉದ್ಘಾಟನೆ ಮುಂದಕ್ಕೆ ಹಾಕಿಸ್ತೀನಿ. ನೀವೇ ಮುಟ್ಟಿ ನೋಡ್ರಿ."

ಹೆಬ್ಬೆರಳು ಇಟ್ಟು ನೋಡಿದೆ. ರೆಪ್ಪೆ ತಣ್ಣಗಿತ್ತು. ತಣ್ಣಗಿದ್ದರೆ ಒಳಗೆ ಇನ್ನೂ ಹಸಿ ಇದೆ ಎಂದರ್ಥ. ಇದೊಂದನ್ನು ಮಾತ್ರ ನಾನು ಅವಳಿಗೆ ಕಲಿಸಿರಲಿಲ್ಲ. ಭಾನುವಾರ ಬೋರ್ಡಿನ ಮೇಲೆ ಅವಳ ಹೆಸರು ಹೊಳೆಯುವುದು ಕಣ್ಣಿಗೆ ಕಟ್ಟಿತು.

"ಒಣಗೈತೆ. ತೆಗಿ" ಎಂದೆ.

ಅವಳು ಅನುಮಾನಿಸಲಿಲ್ಲ. ಒಂದೊಂದೇ ಸೂಜಿ ಕಿತ್ತು ಡಬ್ಬಿಗೆ ಹಾಕಿದಳು. ಮನೆಗೆ ಬಂದು ನಾನು ಎರಡು ಮುದ್ದೆ ಹೆಚ್ಚಾಗಿಯೇ ಉಂಡೆ.

ಭಾನುವಾರ ಜನ ಸೇರಿದ್ದರು. ಗಾಡಿಗೆ ಹತ್ತಿಸುವಾಗಲೇ ಮೃಗಕ್ಕೆ ಹೊದಿಸಿದ್ದ ಬಟ್ಟೆಯನ್ನು ಸಾಹೇಬರು ಎಳೆದರು. ಮೈ, ಕತ್ತು, ಕೊಂಬು, ಎಲ್ಲ ಅಚ್ಚುಕಟ್ಟು. ಕಣ್ಣಲ್ಲಿ ಮಾತ್ರ ರೆಪ್ಪೆ ಹಿಂದೆ ಸರಿದು, ಗುಡ್ಡೆ ಹೊರಗೆ ಬಂದು, ಸುತ್ತ ಜೇಡಿಮಣ್ಣು ಬೆಳ್ಳಗೆ ಕಾಣುತ್ತಿತ್ತು. ಗುಂಪಿನಲ್ಲಿ ಯಾರೋ "ಏನ್ ಲೇ ಇದು, ದೆವ್ವ ಕಂಡಂಗೈತೆ" ಎಂದು ನಕ್ಕರು.

ಸಾಹೇಬರು ಅವಳತ್ತ ತಿರುಗಿದರು. ಅವಳ ಮುಖ ಕಪ್ಪಿಟ್ಟಿತ್ತು. "ನನ್ನ ಕೈ ತಪ್ಪು ಸರ್. ಗುರುಗಳು ಸರಿಯಾಗೇ ಹೇಳಿಕೊಟ್ಟಿದ್ರು."

ಆಗ ಕೆಳಗಿನ ಬೋರ್ಡು ನೋಡಿದೆ. ಬೋರ್ಡಲ್ಲ, ಕಪ್ಪು ಕಲ್ಲು. ದಪ್ಪ ಅಕ್ಷರದಲ್ಲಿ, 'ಕೃಷ್ಣಮೃಗ. ಸಿದ್ಧಪಡಿಸಿದವರು: ಓಂಕಾರಮೂರ್ತಿ, ಚಳ್ಳಕೆರೆ.' ಅವಳ ಹೆಸರು ಎಲ್ಲೂ ಇರಲಿಲ್ಲ.

"ಕೆಲಸ ಶುರುವಾದ ದಿನವೇ ಸಾಹೇಬರನ್ನ ಕೇಳಿ ಬರೆಯೋಕೆ ಕೊಟ್ಟಿದ್ದೆ ಸರ್" ಎಂದಳು ಮೆಲ್ಲಗೆ. "ನಿಮ್ಮ ಹೆಸರು ಎಲ್ಲೂ ಇಲ್ಲ ಅಂತಿದ್ರಲ್ಲ. ಇಂಥದ್ದರ ಕೆಳಗೆ ಬಂತಲ್ಲ ಅಂತ ಸಂಕಟ ಆಗ್ತೈತೆ."

ಬಗ್ಗಿ ಆ ಹೆಸರಿನ ಮೇಲೆ ಅಂಗೈ ಮುಚ್ಚಿದೆ. "ಬೇಡಮ್ಮ. ಅದನ್ನ ಅಳಿಸು" ಎಂದೆ.

"ಹೆಂಗ್ ಅಳಿಸೋದು ಸರ್? ಕಲ್ಲಲ್ಲಿ ಕೆತ್ತೈತೆ."