ಅಕ್ಕನ ಅಳತೆಯ ಕೆಂಪು ಕಾರು

ನೇಕಾರರ ಗಣತಿಯವರು ಮೊಳಕಾಲ್ಮೂರಿನ ಆ ಮನೆಗೆ ಬಂದಾಗ ತಿಪ್ಪಕ್ಕ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದಳು. ಗುರುತಿನ ಚೀಟಿಯನ್ನು ಅವಳ ತಮ್ಮ ಚೌಡೇಶನ ಹೆಸರಿಗೆ ಬರೆದುಕೊಟ್ಟರು. ಚೌಡೇಶ ಸಹಿ ಹಾಕಿದ.

ಚೌಡೇಶನಿಗೆ ನೇಯುವುದು ಗೊತ್ತಿರಲಿಲ್ಲ. ಮೀಸೆ ಮೂಡುವ ಮೊದಲೇ ಚಳ್ಳಕೆರೆಗೆ ಹೋಗಿ, ಟ್ರ್ಯಾಕ್ಟರು, ಶೇಂಗಾ ಬಿಡಿಸುವ ಮಿಷನ್ನು ರಿಪೇರಿ ಮಾಡುವ ಗ್ಯಾರೇಜು ಇಟ್ಟುಕೊಂಡವನು. ರೇಷ್ಮೆಯ ಎಳೆ ಕೈಗೆ ಸಿಕ್ಕರೆ ಗ್ರೀಸು ಒರೆಸಿಕೊಳ್ಳುವ ಪೈಕಿ. ಗಂಡ ಸತ್ತ ಮೇಲೆ ತವರಿಗೆ ಬಂದು ಅಪ್ಪನ ಮಗ್ಗಕ್ಕೆ ಕೂತವಳು ತಿಪ್ಪಕ್ಕ. ಆದರೆ ಚೌಡೇಶ ಗಂಡಸು, ರೇಷನ್ ಕಾರ್ಡಿನಲ್ಲಿ ಯಜಮಾನ. ನೇಕಾರನಾಗಲು ಅಷ್ಟು ಅರ್ಹತೆ ಸಾಕೆಂದು ನೇಕಾರರ ಸಂಘದ ಅಧ್ಯಕ್ಷ ಜಂಬುಲಿಂಗಪ್ಪನವರು ಗಣತಿಯವರಿಗೆ ತಿಳಿಸಿ ಹೇಳಿದ್ದರು.

ಹನ್ನೊಂದು ವರ್ಷ ಯಾರಿಗೂ ಏನೂ ಅನ್ನಿಸಲಿಲ್ಲ. ತಿಪ್ಪಕ್ಕನಿಗೆ ಏನನ್ನಿಸಿತೆಂದು ಯಾರೂ ಕೇಳಿರಲಿಲ್ಲ, ಅಷ್ಟೇ. ಹೋದ ವರ್ಷ ನೇಕಾರರ ದಿನಾಚರಣೆಯಲ್ಲಿ ಅವಳು ನೇಯ್ದ ಸೀರೆಯನ್ನು ವೇದಿಕೆ ಮೇಲೆ ಹರಡಿ, ಚೌಡೇಶನಿಗೆ ‘ಉತ್ತಮ ನೇಕಾರ’ ಅಂತ ಶಾಲು ಹೊದಿಸಿದರು. ಎರಡು ಮಾತಾಡಿ ಅಂತ ಮೈಕು ಕೈಗೆ ಕೊಟ್ಟರು. ಚೌಡೇಶ ಬೆವರಿದ. ಮಗ್ಗವಾಗಲಿ ಇಂಜಿನ್ನಾಗಲಿ, ಟೈಮಿಗೆ ಸರಿಯಾಗಿ ಆಯಿಲ್ ಬದಲಾಯಿಸಿದರೆ ಬಾಳಿಕೆ ಬರುತ್ತದೆ ಎಂದು ಹೇಳಿ ಕೂತುಬಿಟ್ಟ. ಜನ ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಲ್ಲಿದ್ದ ತಿಪ್ಪಕ್ಕ ಎದ್ದು ಮನೆಗೆ ಹೋದಳು. ಅವತ್ತಿನಿಂದ ತಮ್ಮನ ಜೊತೆ ಮಾತು ಬಿಟ್ಟಳು.

ಚೌಡೇಶನಿಗೆ ಆ ಶಾಲು ಬೆನ್ನ ಮೇಲೆ ಕಾದ ತಗಡಿನಂತೆ ಕೂತಿತು. ಅಕ್ಕ ತನ್ನ ಕೈಯಿಂದ ಏನಾದರೊಂದು ಇಸಿದುಕೊಂಡರೆ ಸಾಕು, ಉಸಿರಾಡಬಹುದು ಅನ್ನಿಸಿತು. ಮಿಕ್ಸಿ ಒಯ್ದ. ಬಂದ ಬಸ್ಸಿಗೇ ವಾಪಸ್ಸು ಬಂತು. ಗ್ರೈಂಡರ್ ಒಯ್ದ. ಅದೂ ಬಂತು. ಮೂರನೇ ಸಲ ಗೂಡ್ಸ್ ಆಟೋದಲ್ಲಿ ಫ್ರಿಜ್ಜು ಒಯ್ದಾಗ ತಿಪ್ಪಕ್ಕ ಬಾಗಿಲಿಗೆ ಅಡ್ಡ ನಿಂತು ಮೊದಲ ಸಲ ಬಾಯಿ ಬಿಟ್ಟಳು.

“ನೀ ತರೋದೆಲ್ಲಾ ಅಡಿಗೆಮನೆಗೇ ಹೋಗ್ತೈತಲ್ಲೋ. ರಾಂಪುರದಾಗೆ ಆ ಕೆಂಪು ಕಾರು ಬಿದ್ದೈತಲ್ಲ, ಅದನ್ನ ಕೊಡ್ತೀಯಾ? ಆಗ್ದಿದ್ರೆ ಬಾಯಿ ಮುಚ್ಕಂಡು ಹೋಗು.”

ಅದು ತಮ್ಮನ ಬಾಯಿ ಕಟ್ಟಲು ಆಡಿದ ಮಾತು. ಚೌಡೇಶ ಮಾತ್ರ ಅದನ್ನು ಆರ್ಡರ್ ಅಂತಲೇ ತೆಗೆದುಕೊಂಡ.

ಕಾರು ನಿಜವಾಗಿಯೂ ಬಿದ್ದಿತ್ತು. ಎಂದೋ ಗಣಿಯಲ್ಲಿ ದುಡ್ಡು ಕಂಡ ಬಳ್ಳಾರಿ ಕಡೆಯವನೊಬ್ಬ ಶೋಕಿಗೆ ತರಿಸಿದ್ದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ನೆಲದಿಂದ ಒಂದೇ ಗೇಣು ಎತ್ತರ. ಈಗ ಅದರಲ್ಲಿ ಕುರಿಗಾರ ಮಾರಯ್ಯನ ಒಂಬತ್ತು ಮರಿಗಳು ವಾಸವಾಗಿದ್ದವು. ಮಾರಯ್ಯನಿಗೆ ದುಡ್ಡು ಬೇಕಿರಲಿಲ್ಲ. ಮರಿಗಳನ್ನು ಬೀದಿಗೆ ಹಾಕಿ ಕಾರು ಮಾರುವವನು ತಾನಲ್ಲ, ಮೊದಲು ಅವಕ್ಕೊಂದು ಮನೆಯಾಗಲಿ ಎಂದ. ಚೌಡೇಶ ಎರಡು ದಿನ ಕೂತು ತಗಡಿನ ಶೆಡ್ಡು ಕಟ್ಟಿಕೊಟ್ಟ. ಮರಿಗಳು ಗೃಹಪ್ರವೇಶ ಮಾಡಿದವು, ಕಾರು ಟ್ರ್ಯಾಕ್ಟರ್ ಟ್ರೈಲರ್ ಏರಿ ಚಳ್ಳಕೆರೆಗೆ ಬಂತು.

ಸೈಲೆನ್ಸರಿನಿಂದ ಮುಷ್ಟಿ ಮುಷ್ಟಿ ಉಣ್ಣೆ ಬಂತು. ಪಿಸ್ಟನ್ ಹಿಡಿದುಕೊಂಡಿತ್ತು, ಮೂರು ದಿನ ಡೀಸೆಲ್ ಕುಡಿಸಿ ಬಿಡಿಸಿದ. ಕ್ಲಚ್ ಪ್ಲೇಟು ಹಳೇ ವ್ಯಾನಿನದು, ಹೆಡ್‌ಲೈಟು ಟ್ರ್ಯಾಕ್ಟರಿನದು, ಹಾರನ್ನು ಲಾರಿಯದು. ಮೊದಲ ಸಲ ಒತ್ತಿದಾಗ ಪಕ್ಕದ ಎಣ್ಣೆ ಮಿಲ್ಲಿನವರು ಲೋಡು ಬಂತೆಂದು ಗೇಟು ತೆಗೆದರು. ಒಂದು ದಿನ ಡ್ರೈವರ್ ಸೀಟಿನಲ್ಲಿ ಕೂತು ನೋಡೋಣವೆಂದು ಇಳಿದವನ ಹೊಟ್ಟೆ ಸ್ಟೇರಿಂಗಿಗೆ ಸಿಕ್ಕಿಕೊಂಡು, ಇಬ್ಬರು ಹಮಾಲರು ಕಂಕುಳಿಗೆ ಕೈ ಹಾಕಿ ಎತ್ತಬೇಕಾಯಿತು.

ಬಣ್ಣಕ್ಕೆ ಪಾತಣ್ಣ ಬಂದ. ಅವನು ಲಾರಿಗೆ ಬಣ್ಣ ಬಳಿದೇ ತಲೆ ಬೆಳ್ಳಗಾದವನು. ಖಾಲಿ ಜಾಗ ಕಂಡರೆ ಅವನಿಗೆ ಕೈ ಕಡಿಯುತ್ತದೆ. ಬರೀ ಕೆಂಪು, ಬೇರೇನೂ ಬೇಡ ಅಂತ ಚೌಡೇಶ ಮೂರು ಸಲ ಹೇಳಿ ಪರಶುರಾಂಪುರಕ್ಕೆ ಟ್ರ್ಯಾಕ್ಟರು ನೋಡಲು ಹೋದ. ವಾಪಸ್ಸು ಬರುವಷ್ಟರಲ್ಲಿ ಕಾರಿನ ಹಿಂಬದಿಯಲ್ಲಿ ಎರಡು ಹಂಸ, ನಡುವೆ ಕಮಲ, ಅದರ ಕೆಳಗೆ ಹಳದಿ ಅಕ್ಷರದಲ್ಲಿ ‘ಅಕ್ಕನ ಆಶೀರ್ವಾದ’.

“ಅಳಿಸಲೇ ಅದನ್ನ,” ಅಂದ ಚೌಡೇಶ. “ಬೈದದ್ದು ಬಿಟ್ರೆ ಮಾತೇ ಆಡಿಲ್ಲ ಅವಳು. ಆಶೀರ್ವಾದ ಎಲ್ಲಿಂದ ತಂದೆ?”

ಹಂಸಗಳಾದರೂ ಇರಲಿ ಅಂತ ಪಾತಣ್ಣ ಬಹಳ ಹೊತ್ತು ವಾದಿಸಿದ. ಹಂಸಗಳೂ ಹೋದವು.

ಉಳಿದದ್ದು ಸೀಟು ಮತ್ತು ಪೆಡಲು. ಅಕ್ಕನ ಕಾಲಿನ ಅಳತೆ ಬೇಕು. ಕೇಳುವ ಹಾಗಿಲ್ಲ. ಚೌಡೇಶನಿಗೆ ಹೊಳೆದದ್ದು ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಮಾತ್ರ ಹೊಳೆಯುವಂಥದ್ದು: ಗುಂಡಿ ಮಗ್ಗದ ಗುಂಡಿಯನ್ನು ಕೂರುವವರ ಮೈಯಳತೆಗೇ ತೋಡುತ್ತಾರೆ. ನೆಲದ ಅಂಚಿನಲ್ಲಿ ಕೂತು, ಕಾಲನ್ನು ಗುಂಡಿಗೆ ಇಳಿಬಿಟ್ಟು, ಕೆಳಗಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಆ ಹಲಗೆಯ ದೂರವೇ ಪೆಡಲಿನ ದೂರ.

ತಿಪ್ಪಕ್ಕ ಸೀರೆ ಕೊಡಲು ಸಂಘಕ್ಕೆ ಹೋದ ಹೊತ್ತು ನೋಡಿ ಮನೆ ಹೊಕ್ಕ. ದಾರ ಹಿಡಿದು ಗುಂಡಿಗೆ ಕಾಲಿಟ್ಟ. ಅವನ ಕಾಲು ಒಳಗೆ ಹಿಡಿಸಲೇ ಇಲ್ಲ. ಮೊಳಕಾಲು ಮೇಲಿನ ಮರಕ್ಕೆ ಬಡಿಯಿತು, ಅಂಗಾಲು ಎದುರಿನ ಗೋಡೆಗೆ ತಾಗಿತು. ತುಳಿಯುವ ಹಲಗೆಗಳ ಮೇಲೆ ಎರಡು ಪಾದಗಳ ತಗ್ಗು ಬಿದ್ದಿತ್ತು, ಬಾಣಲೆಯಷ್ಟು ನುಣುಪಾಗಿ. ಅವನ ಹೆಬ್ಬೆರಳೂ ಅದರಲ್ಲಿ ಕೂರಲಿಲ್ಲ. ಸರ್ಕಾರದ ಕಾಗದ ಹನ್ನೆರಡು ವರ್ಷದಿಂದ ಇದೇ ಗುಂಡಿಯಲ್ಲಿ ಇವನನ್ನೇ ಕೂರಿಸಿಟ್ಟಿತ್ತು. ಚೌಡೇಶ ಅಂಚಿನಿಂದ ಹಲಗೆಯವರೆಗೆ ದಾರ ಎಳೆದು ಅಳತೆಗೆ ಗಂಟು ಹಾಕಿ ಜೇಬಿಗಿಟ್ಟ. ಏಳೋಣ ಅಂದರೆ ಮೊಳಕಾಲು ಬಿಡಲಿಲ್ಲ.

ಹಾಗೆ ಸಿಕ್ಕಿಕೊಂಡಿದ್ದಾಗ ತಿಪ್ಪಕ್ಕ ಬಂದಳು. ಬಾಗಿಲಲ್ಲಿ ನಿಂತು ನೋಡಿದಳು.

“ಏಮಿರಾ, ಉತ್ತಮ ನೇಕಾರ,” ಅಂದಳು. “ಹನ್ನೆರಡು ವರ್ಷಕ್ಕೆ ಕೆಲಸಕ್ಕೆ ಬಂದ್ಯೇನು?”

ಬೀಗದ ಕೈ ಗುಂಡಿಗೆ ಬಿದ್ದಿತ್ತು ಎಂದು ಸುಳ್ಳು ಹೇಳಿದ ಚೌಡೇಶ. ಅವಳು ರಟ್ಟೆ ಹಿಡಿದು ಮೇಲಕ್ಕೆಳೆದಳು. ಗಂಟು ಹಾಕಿದ ದಾರ ಅವನ ಜೇಬಿನಲ್ಲಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಕಾರನ್ನು ಟ್ರೈಲರಿನಲ್ಲೇ ಮೊಳಕಾಲ್ಮೂರಿಗೆ ತಂದು ಮನೆ ಮುಂದೆ ಇಳಿಸಿದ. ರಸ್ತೆಯಲ್ಲಿ ಓಡಿಸಿ ತಂದಿದ್ದರೆ ಮೊದಲ ಹಂಪಿನ ಮೇಲೇ ಆಮೆಯ ಹಾಗೆ ಹೊಟ್ಟೆಯೂರುತ್ತಿತ್ತು. ಕೇರಿಗೆ ಕೇರಿಯೇ ಸೇರಿತು. ಮಗ್ಗಗಳು ನಿಂತವು.

ತಿಪ್ಪಕ್ಕ ಹೊರಗೆ ಬಂದಳು. ಕಾರನ್ನು ನೋಡಿದಳು, ತಮ್ಮನನ್ನು ನೋಡಿದಳು. ಹುಚ್ಚು ಹಿಡಿದೈತೆ ಇವನಿಗೆ ಅಂತ ಪಕ್ಕದ ಮನೆಯವಳಿಗೆ ಹೇಳಿದಳು. ಚೌಡೇಶ ಕಾರಿನ ಬೀಗದ ಕೈ ಚಾಚಿದ. ಅವಳು ಇಸಿದುಕೊಳ್ಳಲಿಲ್ಲ. ಆದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಊರಿ, ಮಗ್ಗಕ್ಕೆ ಇಳಿಯುವ ಹಾಗೇ ಸಲೀಸಾಗಿ ಡ್ರೈವರ್ ಸೀಟಿಗೆ ಇಳಿದಳು. ಕಾಲು ಚಾಚಿದಳು. ಪೆಡಲು ಅಂಗಾಲಿಗೆ ಸರಿಯಾಗಿ ಸಿಕ್ಕಿತು. ಇನ್ನೊಮ್ಮೆ ತುಳಿದು ನೋಡಿದಳು.

“ಗುಂಡಿಯಾಗೆ ಇದನ್ನೇನಾ ಅಳೀತಿದ್ದೆ?”

ಚೌಡೇಶ ಹೂಂ ಎಂದ. ಆಗ ಅವಳು ಕೈ ಚಾಚಿ ಬೀಗದ ಕೈ ತೆಗೆದುಕೊಂಡಳು.

ಅವನು ಕಾರಿನ ಪಕ್ಕ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕ್ಲಚ್ಚು, ಗೇರು, ಬ್ರೇಕು ಹೇಳಿಕೊಟ್ಟ. ಅವಳ ಕಾಲು ಮಾತ್ರ ಮಗ್ಗದ ಮಾತನ್ನೇ ಕೇಳಿತು. ಎಡಗಾಲು ತುಳಿದು ಬಿಟ್ಟು ಬಲಗಾಲು, ಬಲಗಾಲು ಬಿಟ್ಟು ಎಡಗಾಲು. ಕಾರು ಲಾಳಿಯ ಹಾಗೆ ಮುಂದಕ್ಕೆ ಜಿಗಿದು ನಿಂತಿತು, ಮತ್ತೆ ಜಿಗಿದು ನಿಂತಿತು. ಮೂರನೇ ಜಿಗಿತಕ್ಕೆ ಯಾರದೋ ಕೋಳಿ ಬಾನೆಟ್ಟು ಹತ್ತಿತು. ಕೇರಿ ಬಿದ್ದು ಬಿದ್ದು ನಕ್ಕಿತು. ತಿಪ್ಪಕ್ಕನೂ ನಕ್ಕಳು. ವರ್ಷವಾಗಿತ್ತು ಚೌಡೇಶ ಆ ನಗು ಕೇಳಿ.

ಅಷ್ಟರಲ್ಲಿ ಜಂಬುಲಿಂಗಪ್ಪನವರು ಫೋಟೋದವನನ್ನು ಕರೆದುಕೊಂಡು ಬಂದರು. ಅವರನ್ನು ಯಾರೂ ಕರೆದಿರಲಿಲ್ಲ. ಉತ್ತಮ ನೇಕಾರ ಅಕ್ಕನಿಗೆ ಕಾರು ಕೊಟ್ಟದ್ದು ಪೇಪರಿನಲ್ಲಿ ಬಂದರೆ ಸಂಘಕ್ಕೆ ಹೆಸರು ಎಂದರು. ಚೌಡೇಶನ ಕೊರಳಿಗೆ ಹಾರ ಹಾಕಿ, ಸ್ಟೇರಿಂಗ್ ಹಿಡಿದು ಕೂರು ಎಂದರು. ಹೆಣ್ಣುಮಗಳು ಪಕ್ಕದ ಸೀಟಿನಲ್ಲಿ ತೊಡೆ ಮೇಲೆ ಸೀರೆ ಇಟ್ಟುಕೊಂಡು ಕೂತರೆ ನೋಡಲು ಲಕ್ಷಣ ಅಂತ ಫೋಟೋದವನಿಗೆ ವಿವರಿಸಿದರು.

ತಿಪ್ಪಕ್ಕ ಇಂಜಿನ್ ಆಫ್ ಮಾಡಿದಳು. ಅಧ್ಯಕ್ಷರ ಕಡೆ ತಿರುಗಿಯೂ ನೋಡಲಿಲ್ಲ. ಬೀಗದ ಕೈ ಹೊರಗೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ತಮ್ಮನನ್ನೇ ನೋಡುತ್ತ ಕೂತಳು. ಅಂಗೈ ಇನ್ನೂ ಮುಚ್ಚಿರಲಿಲ್ಲ. ಮಿಕ್ಸಿ, ಗ್ರೈಂಡರು, ಫ್ರಿಜ್ಜು ಹೋದ ದಾರಿಯಲ್ಲೇ ಕಾರೂ ಹೊರಡಲು ಒಂದು ಮಾತು ಸಾಕೆಂದು ಚೌಡೇಶನಿಗೆ ಗೊತ್ತಾಯಿತು.

“ನನ್ ಮಾತಿಗೆ ಕದಲವಲ್ಲಳು,” ಅಂದರು ಜಂಬುಲಿಂಗಪ್ಪ. “ನಿಮ್ಮಕ್ಕ ಅಲ್ಲೇನಪ್ಪಾ. ಪಕ್ಕಕ್ಕೆ ಸರಿ ಅಂತ ನೀನೇ ಒಂದ್ ಮಾತು ಹೇಳು.”

ಚೌಡೇಶ ಕೊರಳಿನ ಹಾರ ತೆಗೆದು ಅವರ ಕೈಗೆ ಕೊಟ್ಟ.

“ನಾ ಹೇಳಲ್ರೀ,” ಅಂದ.