ಚೌಕ ಬಿಟ್ಟು ಬರುವ ಹಾಗಿಲ್ಲ

ಒಣಬಾಯಲ್ಲಿ ಹಲ್ಲಿನ ಸೆಟ್ಟು ನಿಲ್ಲುವುದಿಲ್ಲ. ಅದನ್ನು ಹಿಡಿಸುವ ಪೇಸ್ಟು ಅಂಟಬೇಕಾದರೂ ಒಂದಿಷ್ಟು ಎಂಜಲು ಬೇಕು. ಇಷ್ಟು ಸಣ್ಣ ವಿಷಯ ವೆರ್ಲಿನ್‌ನ ತಲೆಗೆ ಹೋಗಿರಲಿಲ್ಲ. ಬಿಪಿಯ ಹೊಸ ಮಾತ್ರೆ ಶುರುವಾದಂದಿನಿಂದ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ಹಲ್ಲು ಮಾತ್ರ ಅಂಟುತ್ತಿರಲಿಲ್ಲ.

"ಬಾಯಿ ಮುಕ್ಕಳಿಸು, ಸೆಟ್ಟು ಒದ್ದೆ ಮಾಡ್ಕೋ, ಆಮೇಲೆ ಅಲ್ಲಲ್ಲಿ ಚುಕ್ಕೆ ಇಟ್ರೆ ಸಾಕು," ಎಂದಳು ಹೆಂಡತಿ ಆರ್ಡಿಸ್, ಬಚ್ಚಲ ಬಾಗಿಲಲ್ಲಿ ನಿಂತು. "ಕೂಗೋವಾಗ ನಡುನಡುವೆ ಒಂದೊಂದು ಗುಟುಕು ನೀರು ಕುಡಿ."

"ನೀರು ಕುಡಿದು ಕುಣಿತದ ಮಧ್ಯೆ ಉಚ್ಚೆಗೆ ಓಡ್ಲಾ? ಮುಂದಿನ ವರ್ಷ ಕೂಗೋರು ಯಾರು ಅಂತ ಇವತ್ತು ಆರಿಸ್ತಾರೆ ಕಣೇ. ನನ್ನ ಜಾಗಕ್ಕೆ ಆ ಹುಡುಗ ಲೋರೆನ್ ಕಾಗೆ ಥರ ಕಾಯ್ತಿದಾನೆ." ಸೆಟ್ಟನ್ನು ಟವೆಲಿನಲ್ಲಿ ಒಣಗುವಷ್ಟು ಉಜ್ಜಿ, ಅರ್ಧ ಟ್ಯೂಬು ಹಿಂಡಿದ. "ಹೆಚ್ಚು ಹಾಕಿದ್ರೆ ಹೆಚ್ಚು ಹಿಡಿಯತ್ತೆ. ಇಷ್ಟೂ ಗೊತ್ತಿಲ್ವಾ ದಡ್ಡಿ?"

ಅವಳು ಬಾಗಿಲಿಂದ ಸರಿದಳು. ಎಲುಬಿಲ್ಲದ ಆ ನಾಲಿಗೆಯೊಂದಿಗೆ ಬಾಳಿ ಅವಳಿಗೆ ಸುಮ್ಮನಿರುವುದು ಕರಗತವಾಗಿತ್ತು.

ನೆಬ್ರಾಸ್ಕಾದ ಆ ಊರಲ್ಲಿ ಶನಿವಾರ ಬಂತೆಂದರೆ ಚೌಕದ ಕುಣಿತ. ನಾಲ್ಕು ಜೋಡಿಗೆ ಒಂದು ಚೌಕ. ರೆಕಾರ್ಡಿನ ಪಿಟೀಲು ಕೊಯ್ಯುತ್ತಿದ್ದಂತೆ ವೆರ್ಲಿನ್ ವೇದಿಕೆಯ ಮೇಲಿಂದ ಹೆಜ್ಜೆಗಳನ್ನು ಪಟಪಟನೆ ಕೂಗಬೇಕು, ಕೆಳಗಿನವರು ಕೂಗಿದಂತೆ ತಿರುಗಬೇಕು. ಕೂಗು ತಪ್ಪಿದರೆ ಕೈಹಿಡಿದು ನಿಂತಲ್ಲೇ ಕಾಯಬೇಕು. ಆಟ ಮುಗಿಯದೆ ಚೌಕ ಬಿಟ್ಟು ಹೋಗುವುದು ಮಹಾಪರಾಧ, ಉಳಿದ ಏಳು ಜನರ ಕುಣಿತ ಕೆಟ್ಟುಹೋಗುತ್ತದಲ್ಲ.

ಮದುವೆಯ ಹೊಸತರಲ್ಲಿ ಆರ್ಡಿಸ್ ಒಮ್ಮೆ ಹಾಗೆ ಬಿಟ್ಟು ಓಡಿದ್ದಳು. ಅವಳು ಬಚ್ಚಲಲ್ಲಿ ಕೂತು ರಕ್ತ ನೋಡುತ್ತಿದ್ದಾಗ ಮೈಕಿನಲ್ಲಿ ಗಂಡನ ದನಿ ಕೇಳುತ್ತಿತ್ತು: "ನನ್ನ ಹೆಂಡ್ತಿ ಹಗ್ಗ ಕಿತ್ಕೊಂಡು ಓಡಿದ್ಲು, ಯಾರಾದ್ರೂ ಹಿಡ್ಕೊಂಡು ಬನ್ನಿ!" ಜನ ಗೊಳ್ಳೆಂದಿದ್ದರು. ಅವತ್ತು ಹೊಟ್ಟೆಯಲ್ಲಿದ್ದ ಮಗು ಹೋಯಿತು. ಮತ್ತೆ ಮಕ್ಕಳಾಗಲಿಲ್ಲ. ತಮಾಷೆ ಮಾತ್ರ ಉಳಿಯಿತು.

ಈ ಸಂಜೆಯೂ ಅವಳು ಎಂದಿನಂತೆ ಸಭಾಂಗಣದ ಅಡುಗೆಕೋಣೆಯಿಂದ ಒಂದು ಲೋಟ ನೀರು ಹಿಡಿದು ವೇದಿಕೆಯತ್ತ ಹೊರಟಿದ್ದಳು. ಬೇಡವೆಂದರೂ ಇಟ್ಟುಬರೋಣ ಎಂದು.

"ಆರ್ಡಿಸ್ ಬಂದ್ಲು!" ಎಂದ ವೆರ್ಲಿನ್ ಮೈಕಿನಲ್ಲಿ. "ಅವಳ ಚೌಕದವ್ರು ಕೈ ಗಟ್ಟಿಯಾಗಿ ಹಿಡ್ಕೊಳ್ರಪ್ಪಾ. ಹಗ್ಗ ಕಿತ್ಕೊಳ್ಳೋ ಹಸು ಅದು!"

ಲೋರೆನ್ ಸಹ ನಕ್ಕ. ಆರ್ಡಿಸ್ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಹೋಗಿ ತನ್ನ ಚೌಕದಲ್ಲಿ ನಿಂತಳು.

ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಪದಗಳ ನಡುವೆ ಟಕ್ ಟಕ್ ಎಂಬ ಸದ್ದು ಕೇಳತೊಡಗಿತು. ಮೈಕು ಅದನ್ನು ಸಭಾಂಗಣಕ್ಕೆಲ್ಲ ಹಂಚಿತು. ವೆರ್ಲಿನ್ ನಾಲಿಗೆಯಿಂದ ಸೆಟ್ಟನ್ನು ಒತ್ತಿ ಹಿಡಿದ. ನಾಲಿಗೆ ಕಾವಲಿಗೆ ಹೋದರೆ ಕೂಗುವವರು ಯಾರು? ಉಗುಳು ನುಂಗಲು ನೋಡಿದ, ಇದ್ದರೆ ತಾನೆ. "ಬಲಗೈ ಕೊಡಿ," ಎಂದು ಬಾಯ್ತೆರೆದದ್ದೇ ತಡ, ಮೇಲಿನ ಹಲ್ಲಿನ ಸಾಲು ಕಳಚಿ, ಬಿಳಿ ಪೇಸ್ಟಿನ ಮುದ್ದೆ ಸಮೇತ, ತಿರುಗುತ್ತಿದ್ದ ರೆಕಾರ್ಡಿನ ಮೇಲೆ ಬಿತ್ತು. ಬಿದ್ದದ್ದು ಹಾಡಿನ ಜೊತೆ ಒಂದು ಸುತ್ತು ತಿರುಗಿ, ಮುಳ್ಳಿಗೆ ಬಡಿದು ನಿಂತಿತು.

ಯಾರೂ ಅಲುಗಲಿಲ್ಲ. ಎಲ್ಲರೂ ನಿಯಮದಂತೆ ಕೈಹಿಡಿದು ನಿಂತರು.

ವೆರ್ಲಿನ್ ಒಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದರಿಂದ ಕಿಟಕಿಯತ್ತ ಸನ್ನೆ ಮಾಡಿದ. "ಆರ್ಡಿಸ್... ನೀರು ತಾರೇ..." ಅವನ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಇರಲಿಲ್ಲ.

ಲೋಟ ಅವಳಿಂದ ಎರಡೇ ಹೆಜ್ಜೆ ದೂರದಲ್ಲಿತ್ತು. ಪಕ್ಕದವನು ಅವಳ ಕೈ ಸಡಿಲಿಸಿದ. ಅವಳು ಅದನ್ನು ಮತ್ತೆ ಬಿಗಿಯಾಗಿ ಹಿಡಿದುಕೊಂಡಳು.

"ಆಟ ಮುಗಿದಿಲ್ಲ, ವೆರ್ಲಿನ್," ಎಂದಳು ಎಲ್ಲರಿಗೂ ಕೇಳುವಂತೆ. "ಚೌಕ ಬಿಟ್ಟು ಬರೋ ಹಾಗಿಲ್ವಲ್ಲ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭಾಂಗಣವೇ ನಕ್ಕಿತು, ಅವತ್ತು ನಕ್ಕಂತೆಯೇ.

ಲೋರೆನ್ ವೇದಿಕೆ ಹತ್ತಿ, ಕರವಸ್ತ್ರದಲ್ಲಿ ಹಲ್ಲನ್ನು ಎತ್ತಿ ಬದಿಗಿಟ್ಟು, ಮೈಕು ತೆಗೆದುಕೊಂಡ. ಒದ್ದೆ ಬಾಯಿಯ ಹುಡುಗ, ಸೊಗಸಾಗಿ ಕೂಗಿದ. ಆರ್ಡಿಸ್ ಒಂದು ಹೆಜ್ಜೆಯೂ ತಪ್ಪದೆ ಕುಣಿದಳು.

ಆಟ ಮುಗಿದ ಮೇಲೆ ಕಿಟಕಿಯ ಬಳಿ ಹೋಗಿ ಲೋಟ ಎತ್ತಿದಳು. ವೆರ್ಲಿನ್ ಮೆಟ್ಟಿಲ ಮೇಲೆ ಕೂತು ಅವಳನ್ನೇ ನೋಡುತ್ತಿದ್ದ. ಅವಳ ಬಾಯಿಯೂ ಒಣಗಿತ್ತು. ಒಂದು ಹನಿಯೂ ಉಳಿಯದಂತೆ ಕುಡಿದಳು.